ಇಲಿಯ ಮೂಗಿನ ಗಡ್ಡೆ

ಕೇಳುಗರಿಗೆ ನಮಸ್ಕಾರ.

ಇಲಿಯ ಮಿದುಳಿನ ಮೇಲೆ ಕೆಲಸ ಮಾಡಿದವನು ಅಂತ ಗೊತ್ತಾದ ಕೂಡಲೇ ಜನ ನನ್ನನ್ನು ಕೇಳೋದು ಒಂದೇ ಪ್ರಶ್ನೆ. "ಸಾರ್, ಅಟ್ಟದ ಮೇಲೆ ಇಲಿ ಕಾಟ ವಿಪರೀತ, ಏನಾದ್ರೂ ಉಪಾಯ ಇದೆಯಾ?" ನನ್ನ ಹತ್ತಿರ ಉಪಾಯ ಇಲ್ಲ. ಬೋನಿಗೆ ಸಿಕ್ಕಿಸಿದ ಕೊಬ್ಬರಿ ಚೂರಿನ ವಾಸನೆ ಆ ಇಲಿಗೆ ಹೇಗೆ ತಿಳಿಯುತ್ತೆ ಅನ್ನೋದನ್ನು ಕೇಳಿ, ಹೇಳ್ತೀನಿ. ಇವತ್ತು ಕೇಳದಿದ್ದರೂ ಹೇಳ್ತೀನಿ.

ಇಲಿಯ ಮಿದುಳಿನ ಮುಂತುದಿಯಲ್ಲಿ ಎರಡು ಪುಟ್ಟ ಗಡ್ಡೆಗಳಿವೆ. ಪುಸ್ತಕದಲ್ಲಿ ಆಲ್‌ಫ್ಯಾಕ್ಟರಿ ಬಲ್ಬ್ ಅಂತಾರೆ, ನಾವು ಮೂಗಿನ ಗಡ್ಡೆ ಅನ್ನೋಣ. ಒಂದೊಂದೂ ನೆನೆಸಿದ ಹೆಸರುಕಾಳಿನಷ್ಟು. ಮೂಗಿನೊಳಗಿನ ತೇವದ ಪೊರೆಯಲ್ಲಿ ವಾಸನೆ ಹಿಡಿಯುವ ಜೀವಕೋಶಗಳು ಲಕ್ಷಗಟ್ಟಲೆ ಇವೆ, ಅವುಗಳಲ್ಲಿ ಸುಮಾರು ಸಾವಿರ ಬಗೆ. ಒಂದೇ ಬಗೆಯವು ಒಂದೇ ಕಡೆ ಕೂತಿಲ್ಲ, ಕಣದಲ್ಲಿ ರಾಗಿ ಚೆಲ್ಲಿದ ಹಾಗೆ ಚೆದುರಿವೆ. ಪ್ರತಿಯೊಂದೂ ಒಂದು ಎಳೆಯನ್ನು ಗಡ್ಡೆಗೆ ಕಳಿಸುತ್ತೆ.

ದೊಡ್ಡ ಜಾತ್ರೆಗೆ ಹೋಗಿದ್ದೀರಲ್ಲ? ಒಂದೇ ಊರಿನವರು ಒಬ್ಬರು ಬಸ್ಸಲ್ಲಿ, ಒಬ್ಬರು ಗಾಡಿಯಲ್ಲಿ, ಇನ್ನೊಬ್ಬರು ನಡೆದುಕೊಂಡು ಬಂದಿರ್ತಾರೆ. ಮಧ್ಯಾಹ್ನ ಬುತ್ತಿ ಬಿಚ್ಚೋ ಹೊತ್ತಿಗೆ ನೋಡಿ, ಎಲ್ಲರೂ ಅದೇ ಹುಣಸೆಮರದ ಕೆಳಗೆ! ಈ ಎಳೆಗಳೂ ಹಾಗೇ. ಒಂದು ಬಗೆಯ ಕೋಶಗಳ ಎಳೆಗಳೆಲ್ಲ ಗಡ್ಡೆಯಲ್ಲಿ ಒಂದೇ ಉಂಡೆಗೆ ಬಂದು ಸೇರುತ್ತವೆ. ಸರಿಯಾಗಿ ಹೇಳೋದಾದರೆ, ಸಾಮಾನ್ಯವಾಗಿ ಒಂದು ಬಗೆಗೆ ಎರಡು ಉಂಡೆ, ಒಂದು ಈ ಮಗ್ಗುಲಲ್ಲಿ, ಒಂದು ಆ ಮಗ್ಗುಲಲ್ಲಿ. ಉಂಡೆಯ ಹೆಸರು ಗ್ಲಾಮೆರುಲಸ್. ಚಿಕ್ಕಿಲಿಯ, ಅಂದರೆ ಇಂಗ್ಲಿಷಿನ ಮೌಸ್‌ನ, ಒಂದು ಗಡ್ಡೆಯಲ್ಲಿ ಇಂಥವು ಸುಮಾರು 1,800. ಒಂದೇ ಊರಿನವರು, ಒಂದೇ ಮರದ ಕೆಳಗೆ. ಇಷ್ಟು ನೆನಪಿಟ್ಟುಕೊಂಡರೆ ಸಾಕು, ಉಳಿದದ್ದು ಮರೆತರೂ ಚಿಂತೆಯಿಲ್ಲ.

ನಾನು ಈ ಗಡ್ಡೆಯನ್ನು ಮೊದಲು ನೋಡಿದ್ದು ಕಸದ ಬುಟ್ಟಿಯಲ್ಲಿ. ನಗಬೇಡಿ. ಆಗ ವಿದ್ಯಾರ್ಥಿ. ಫಾರ್ಮಲಿನ್‌ನಲ್ಲಿ ಕೆಡದ ಹಾಗೆ ಇಟ್ಟಿದ್ದ ಇಲಿಯ ತಲೆಬುರುಡೆಯನ್ನು ಚಿಮಟದಲ್ಲಿ ಚೂರುಚೂರೇ ಬಿಡಿಸಿ, ಬೆಳಗಿಂದ ಮಧ್ಯಾಹ್ನದವರೆಗೆ ಕೂತು, ಮಿದುಳನ್ನು ಹಿಂದಿನಿಂದ ಎತ್ತಿದೆ. ಸಲೀಸಾಗಿ ಬಂತು. ಬಟ್ಟಲಲ್ಲಿಟ್ಟು ಮೇಷ್ಟ್ರ ಮುಂದೆ ಹಿಡಿದೆ. ಅವರು ಕನ್ನಡಕ ಮೇಲೆ ಸರಿಸಿ ನೋಡಿ, "ಚೆನ್ನಾಗಿದೆಯಪ್ಪಾ, ಮೂಗೆಲ್ಲಿ?" ಅಂದರು. ಮುಂದಿನ ಎರಡೂ ಗಡ್ಡೆ ಮುರಿದು ಬುರುಡೆಯಲ್ಲೇ ಉಳಿದಿದ್ದವು, ಬುರುಡೆ ಬುಟ್ಟಿ ಸೇರಿತ್ತು! ಬುಟ್ಟಿ ಕೆದಕಿ ಹುಡುಕಿದೆ, ಸಿಕ್ಕಿದ್ದು ಹಿಸುಕಿಹೋದ ಬೆಣ್ಣೆಯ ಹಾಗಿತ್ತು. ಎರಡನೇ ಇಲಿಯಲ್ಲೂ ಅದೇ ಕಥೆ. ಮೂರನೆಯದರಲ್ಲಿ ಮುಂದಿನಿಂದಲೇ ಶುರುಮಾಡಿದೆ. ಗಡ್ಡೆಯನ್ನು ಮೇಣದಲ್ಲಿ ಹೂತು, ತೆಳ್ಳಗೆ ಕೊಯ್ದು, ನೇರಳೆ ಬಣ್ಣ ಹಾಕಿ, ಸೂಕ್ಷ್ಮದರ್ಶಕದ ಕೆಳಗಿಟ್ಟೆ.

ಅಂಚಿನಲ್ಲಿ ಸಾಲಾಗಿ ತಿಳಿಬಣ್ಣದ ಉಂಡೆಗಳು, ಪ್ರತಿ ಉಂಡೆಯ ಸುತ್ತ ಸಣ್ಣ ಕೋಶಗಳ ಬೇಲಿ. ಆ ಉಂಡೆಗಳ ಸಾಲು ದಾಟಿ ಒಳಗೆ ಬಂದರೆ ಖಾಲಿ ಬಯಲಿನಂಥ ಪಟ್ಟಿ. ಆಮೇಲೆ ದಪ್ಪ ದಪ್ಪ ಕೋಶಗಳು, ಒಂದೇ ಒಂದು ಸಾಲು, ಸೀರೆಯಂಚಿನಲ್ಲಿ ಎಳೆದ ಜರಿಯ ಹಾಗೆ! ಬಿಷಪ್ಪರ ಟೋಪಿಯ ಆಕಾರ ಅಂತ ಅವುಗಳಿಗೆ ಮೈಟ್ರಲ್ ಕೋಶ ಅನ್ನೋ ಹೆಸರು. ಒಂದು ಮೈಟ್ರಲ್ ಕೋಶ ತನ್ನ ಮುಖ್ಯ ಟೊಂಗೆಯನ್ನು ಚಾಚೋದು ಒಂದೇ ಉಂಡೆಗೆ. ಆ ಉಂಡೆಯ ಸುದ್ದಿ ಮಾತ್ರ ಅದು ಹೊತ್ತುಕೊಂಡು ಹೋಗುತ್ತೆ. ಮರಕ್ಕೆ ತನ್ನದೇ ಓಲೆಕಾರ, ಅಷ್ಟೇ. ಆ ಸಂಜೆ ಊಟಕ್ಕೆ ಕೂತರೆ ಸಾರಿನ ವಾಸನೆಯೇ ಗೊತ್ತಾಗಲಿಲ್ಲ, ಮೂಗಿನ ತುಂಬ ಫಾರ್ಮಲಿನ್.

ನನ್ನ ಕಥೆಯಲ್ಲೇ ಹೊತ್ತು ಹೋಯಿತು, ಉಳಿದದ್ದನ್ನು ಬೇಗ ಮುಗಿಸ್ತೀನಿ. ಸಾವಿರ ಬಗೆ ಅಂದೆನಲ್ಲ, ಅದಕ್ಕೆ ಜೀನುಗಳ ಬಹಳ ದೊಡ್ಡ ಕುಟುಂಬವೇ ಇದೆ ಅಂತ 1991ರಲ್ಲಿ ತೋರಿಸಿದವರು ವಿಜ್ಞಾನಿಗಳಾದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್, ಇಲಿಯಲ್ಲೇ. 2004ರಲ್ಲಿ ನೊಬೆಲ್ ಬಂತು. ನಮ್ಮಲ್ಲಿ ಕೆಲಸ ಮಾಡುವಂಥವು ಸುಮಾರು 400 ಮಾತ್ರ. 1996ರಲ್ಲಿ ಆಕ್ಸೆಲ್ ಅವರ ಪ್ರಯೋಗಾಲಯದವರು ಒಂದೇ ಬಗೆಯ ಕೋಶಗಳ ಎಳೆಗಳು ನೀಲಿಯಾಗಿ ಕಾಣುವ ಹಾಗೆ ಚಿಕ್ಕಿಲಿಯನ್ನು ಬೆಳೆಸಿದರು. ಆ ಚಿತ್ರ ನೋಡಬೇಕು ನೀವು. ಮೂಗಿನ ಎಲ್ಲೆಲ್ಲಿಂದಲೋ ಹೊರಟ ನೀಲಿ ಎಳೆಗಳು ಗಡ್ಡೆಯ ಮೇಲೆ ಒಂದು ಚುಕ್ಕೆಯಾಗಿ ಕೂಡಿಕೊಳ್ಳುತ್ತವೆ. ಒಂದೇ ಊರಿನವರು, ಒಂದೇ ಮರದ ಕೆಳಗೆ!

ಗಡ್ಡೆಯ ನಡುವೆ ಗ್ರಾನ್ಯೂಲ್ ಕೋಶ ಅಂತ ಪುಟಾಣಿಗಳ ದಟ್ಟಣೆ ಇದೆ. ಅವು ಓಲೆಕಾರರ ಗದ್ದಲ ಅಡಗಿಸುವ ಕೋಶಗಳು. ಬೆಳೆದ ಇಲಿಯಲ್ಲೂ ಮಿದುಳಿನ ಒಳಗೋಡೆಯ ಹತ್ತಿರ ಹೊಸದಾಗಿ ಹುಟ್ಟಿ, ಸಾಲುಗಟ್ಟಿ ನಡೆದುಕೊಂಡು ಗಡ್ಡೆಗೆ ಬರುತ್ತವೆ. ಇದಕ್ಕೇ ಒಂದು ಭಾಷಣ ಬೇಕು, ಬಿಡಿ.

ಗಡ್ಡೆಯಿಂದ ಸುದ್ದಿ ಹೋಗೋದು ಪಿರಿಫಾರ್ಮ್ ಅನ್ನೋ ಮೂರು ಪದರದ ಮಿದುಳ ಹೊದಿಕೆಗೆ. ಅಲ್ಲೂ ಮರ ಇರಬೇಕು, ನೆರಳಿರಬೇಕು ಅಂತ ನಾವೆಲ್ಲ ಹುಡುಕಿದ್ದೇ ಹುಡುಕಿದ್ದು. ಇಲ್ಲ. ಕೊಬ್ಬರಿಯ ವಾಸನೆ ಬಂದರೆ ಅಲ್ಲೊಂದು ಇಲ್ಲೊಂದು ಕೋಶ ಎಚ್ಚರಾಗುತ್ತೆ, ಇಡೀ ಹೊದಿಕೆಯ ಉದ್ದಕ್ಕೂ. ಜಾತ್ರೆ ಮುಗಿದು ಎಲ್ಲರೂ ಮತ್ತೆ ಚೆದುರಿದ್ದಾರೆ. ಆದರೂ ಅಟ್ಟದ ಇಲಿಗೆ ಅದು ಕೊಬ್ಬರಿಯೇ ಅಂತ ಗೊತ್ತಾಗುತ್ತೆ, ಬೋನಿನ ಕಡೆ ಹೊರಡುತ್ತೆ.

ನಮಸ್ಕಾರ.