ಮಲ್ಪೆ ಬಂದರಿನಲ್ಲಿ ಕಾದ ಎಂಜಿನ್‌ನ ತಪಾಸಣೆ

ಈ ವಿಡಿಯೊದ ಪರದೆಯಲ್ಲಿ ಕಾಣುವ ಮೀಟರಿನ ಮುಳ್ಳು 98 ಡಿಗ್ರಿಯನ್ನು ಮುಟ್ಟಿದೆ. ಈ ಮೀನುಗಾರಿಕೆ ಬೋಟಿನ ಎಂಜಿನ್ ಓಡಬೇಕಾದದ್ದು 80 ಡಿಗ್ರಿಯ ಆಸುಪಾಸಿನಲ್ಲಿ. ಒಳಗೆ ಕೂಲಂಟ್, ಅಂದರೆ ತಂಪು ಮಾಡುವ ದ್ರವ, ಸುತ್ತುತ್ತಿರುತ್ತದೆ. ಸಮುದ್ರದ ನೀರು ಹೀಟ್ ಎಕ್ಸ್‌ಚೇಂಜರಿನ ಸಣ್ಣ ಕೊಳವೆಗಳಲ್ಲಿ ಹಾದು, ಆ ಕೂಲಂಟಿನ ಬಿಸಿಯನ್ನು ಹೊತ್ತುಕೊಂಡು, ಹೊಗೆಯೊಂದಿಗೆ ಬೋಟಿನ ಹಿಂದೆ ಹೊರಬೀಳುತ್ತದೆ. ಮೊದಲು ಮೀಟರನ್ನೇ ಅನುಮಾನಿಸಬೇಕು. ಆದರೆ ಕೂಲಂಟಿನ ಹರಿವನ್ನು ಬಿಸಿಗೆ ತಕ್ಕಂತೆ ನಿಯಂತ್ರಿಸುವ ಥರ್ಮೋಸ್ಟಾಟಿನ ಬಳಿ ಹಿಡಿದ, ಮುಟ್ಟದೆಯೇ ಬಿಸಿ ಅಳೆಯುವ ಇನ್ಫ್ರಾರೆಡ್ ಗನ್ ಕೂಡ ಹೆಚ್ಚುಕಡಿಮೆ ಅಷ್ಟನ್ನೇ ತೋರಿಸುತ್ತಿದೆ, ಅಂದರೆ ಎಂಜಿನ್ ನಿಜವಾಗಿಯೂ ಕಾದಿದೆ.

ಥರ್ಮೋಸ್ಟಾಟ್ ಕಿತ್ತುಹಾಕಿದರೆ ಸರಿಹೋಗುತ್ತದೆ ಎಂದು ದಕ್ಕೆಯ ಮೇಲೆ ನಿಂತವರು ಹೇಳುತ್ತಿದ್ದಾರೆ. ಇದನ್ನು ನಾನು ಒಪ್ಪುವುದಿಲ್ಲ. ಥರ್ಮೋಸ್ಟಾಟ್ ಇರುವುದು ಕೂಲಂಟಿನ ದಾರಿಯಲ್ಲಿ; ಅದು ಕೆಟ್ಟಿದ್ದರೆ ಹಿಂಬದಿಯಿಂದ ಬೀಳುವ ಸಮುದ್ರದ ನೀರು ಕಡಿಮೆಯಾಗಲು ಕಾರಣವೇ ಇಲ್ಲ. ಇಲ್ಲಿ ನೋಡಿ, ಬೀಳುವ ನೀರು ತೀರಾ ಕಡಿಮೆ, ಅದರೊಂದಿಗೆ ಆವಿಯೂ ಬರುತ್ತಿದೆ. ಹಾಗಾಗಿ ದೋಷವನ್ನು ಹುಡುಕಬೇಕಾದದ್ದು ಸಮುದ್ರದ ನೀರಿನ ದಾರಿಯಲ್ಲಿ.

ಸಮುದ್ರದ ನೀರನ್ನು ಒಳಬಿಡುವ ತಳದ ವಾಲ್ವ್ ಪೂರ್ತಿ ತೆರೆದಿದೆ, ಫಿಲ್ಟರಿನಲ್ಲಿ ಕಸವಿಲ್ಲ, ಹೀರುವ ಹೋಸ್ ಚಪ್ಪಟೆಯಾಗಿಲ್ಲ. ಫಿಲ್ಟರಿಗೆ ಪಾರದರ್ಶಕ ಮುಚ್ಚಳ ಅನಗತ್ಯ ಖರ್ಚು ಎಂಬುದು ಇಷ್ಟು ದಿನ ನನ್ನ ಅಭಿಪ್ರಾಯವಾಗಿತ್ತು. ಒಳಗೆ ಗಾಳಿಯ ಗುಳ್ಳೆಗಳಿಲ್ಲ, ಗ್ಯಾಸ್ಕೆಟ್ ಸೋರುತ್ತಿಲ್ಲ ಎಂಬುದನ್ನು ಒಂದೇ ನೋಟದಲ್ಲಿ ತಿಳಿಯಲು ಸಾಧ್ಯವಾಗಿರುವುದರಿಂದ ಈಗ ಅದು ಇರಲೇಬೇಕು ಎನ್ನುತ್ತೇನೆ.

ಸಮುದ್ರದ ನೀರಿನ ಪಂಪಿನ ಮುಚ್ಚಳ ಬಿಚ್ಚಿದ್ದೇವೆ. ಒಳಗೆ ತಿರುಗಿ ನೀರನ್ನು ತಳ್ಳುವ ರಬ್ಬರಿನ ಚಕ್ರ, ಅಂದರೆ ಇಂಪೆಲ್ಲರಿನ ಆರು ರೆಕ್ಕೆಗಳಲ್ಲಿ ಎರಡು ಬುಡದಿಂದಲೇ ಮುರಿದಿವೆ, ಉಳಿದವು ಬಾಗಿದಂತೆಯೇ ಗಟ್ಟಿಯಾಗಿವೆ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಅಷ್ಟು ಕಾಲ ಪಂಪಿನೊಳಗೆ ಮಡಚಿಕೊಂಡೇ ಉಳಿದ ರಬ್ಬರು ಆಗಸ್ಟ್‌ನಲ್ಲಿ ಎಂಜಿನ್ ಚಾಲೂ ಮಾಡಿದಾಗ ಬಿರುಕು ಬಿಡುವುದು ಸಹಜ. ಬೋಟನ್ನು ಕಟ್ಟಿಹಾಕುವ ಮುನ್ನ ಇಂಪೆಲ್ಲರನ್ನು ತೆಗೆದಿಡುವುದು ಸ್ವಲ್ಪ ಹೊತ್ತಿನ ಕೆಲಸ. ಅದನ್ನು ತಪ್ಪಿಸಿದರೆ ಸಿಲಿಂಡರ್ ಹೆಡ್ಡನ್ನೇ ಬಿಚ್ಚುವ ದಿನ ಬರಬಹುದು.

ಹೊಸ ಇಂಪೆಲ್ಲರ್ ಹಾಕಿ ಮುಚ್ಚಳ ಬಿಗಿದುಬಿಡುವ ಅವಸರವೇ ನನಗೆ ಸಿಟ್ಟು ತರಿಸುವುದು. ಮುರಿದ ರೆಕ್ಕೆಗಳು ಎಲ್ಲಿಗೂ ಮಾಯವಾಗುವುದಿಲ್ಲ; ನೀರಿನೊಂದಿಗೆ ಮುಂದಕ್ಕೆ ಹೋಗಿ ಇಕ್ಕಟ್ಟಾದ ಕಡೆ ಸಿಕ್ಕಿಕೊಳ್ಳುತ್ತವೆ. ಪಂಪಿನ ನಂತರ ಬರುವ ಆಯಿಲ್ ಕೂಲರಿನ ಹೋಸನ್ನು ಕಳಚಿದಾಗ ಅದರ ಬಾಯಲ್ಲೇ ಸಿಕ್ಕಿದ ತುಂಡುಗಳನ್ನು ಹತ್ತಿರದಿಂದ ತೋರಿಸುತ್ತೇನೆ. ಈ ಎರಡು ಕಪ್ಪಾಗಿವೆ, ಮುರಿದ ಅಂಚು ಹೊಸದು, ಇಂಪೆಲ್ಲರಿನ ಬುಡಕ್ಕೆ ಸರಿಯಾಗಿ ಹೊಂದುತ್ತವೆ. ಮೂರನೆಯದರ ಮೇಲೆ ಬಿಳಿ ಉಪ್ಪು ಗಟ್ಟಿಕೊಂಡಿದೆ, ಉಗುರಿನಿಂದ ಕೆರೆದರೂ ಏಳುತ್ತಿಲ್ಲ. ಕಾಣೆಯಾದದ್ದು ಎರಡೇ ರೆಕ್ಕೆ, ಆದರೆ ಸಿಕ್ಕಿರುವುದು ಮೂರು. ಅಂದರೆ ಹಿಂದಿನ ಇಂಪೆಲ್ಲರಿನ ತುಂಡನ್ನು ಅದನ್ನು ಬದಲಿಸಿದವರು ಹುಡುಕಲೇ ಇಲ್ಲ. ಕಳೆದ ಋತುವಿನಿಂದಲೂ ವೇಗ ಹೆಚ್ಚಿಸಿದಾಗಲೆಲ್ಲ ಮುಳ್ಳು ಸ್ವಲ್ಪ ಏರುತ್ತಿತ್ತು ಎಂದು ಬೋಟು ನಡೆಸುವ ತಾಂಡೇಲರು ಹೇಳಿದ್ದಕ್ಕೆ ಅರ್ಥ ಈಗ ಸಿಕ್ಕಿತು. ಸಮುದ್ರದ ನಡುವೆ ಹನ್ನೆರಡು ತಾಸು ಬಲೆ ಎಳೆಯುವ ಎಂಜಿನ್‌ಗೆ, ಅದನ್ನು ನಂಬಿ ಹೋಗುವ ಜನರಿಗೆ ಇಂಥ ಅರೆಬರೆ ಕೆಲಸ ಮಾಡಿಕೊಡುವುದು ಅನ್ಯಾಯ.

ಹೀಟ್ ಎಕ್ಸ್‌ಚೇಂಜರಿನ ಕೊಳವೆಗಳಿಗೆ ಹಿಮ್ಮುಖವಾಗಿ ನೀರು ಹಾಯಿಸಿದ್ದೇವೆ, ಉಪ್ಪುನೀರಿಗೆ ತಾನೇ ಸವೆದು ಉಳಿದ ಲೋಹವನ್ನು ಕಾಯುವ ಜಿಂಕ್ ತುಂಡನ್ನು ಬದಲಿಸಿದ್ದೇವೆ. ಚಿತ್ರೀಕರಣ ಇಲ್ಲಿಗೆ ಮುಗಿಯುತ್ತಿದೆ, ಆದ್ದರಿಂದ ಬೇಗ ಹೇಳುತ್ತೇನೆ: ದಕ್ಕೆಯಲ್ಲಿ ಮುಳ್ಳು 81ರಲ್ಲಿ ನಿಂತಿದೆ, ಹಿಂದೆ ನೀರು ಧಾರಾಳವಾಗಿ ಬೀಳುತ್ತಿದೆ. ಇಷ್ಟರಿಂದ ಎಂಜಿನ್ ಸರಿಹೋಯಿತು ಎನ್ನಲಾಗದು, ಏಕೆಂದರೆ ಹೊರೆಯಿಲ್ಲದ ಎಂಜಿನ್‌ನಲ್ಲಿ ಅರೆ ಮುಚ್ಚಿದ ದಾರಿಯೂ ಸಾಕಾಗುತ್ತದೆ. ಅಳಿವೆ ದಾಟಿದ ಮೇಲೆ ಪೂರ್ಣ ವೇಗದಲ್ಲಿ ಓಡಿಸುತ್ತೇವೆ. ಅಲ್ಲಿ ಮತ್ತೆ ಏರಿದರೆ ಮುಂದೆ ಬಿಚ್ಚುವುದು ಮಸಿ ಮತ್ತು ಉಪ್ಪು ಸೇರಿ ಕಟ್ಟಿಕೊಳ್ಳುವ ಎಕ್ಸಾಸ್ಟ್ ಎಲ್ಬೋವನ್ನು, ಅಂದರೆ ಹೊಗೆಗೆ ನೀರು ಸೇರುವ ಬಾಗಿದ ಕೊಳವೆಯನ್ನು.