ಅಮೃತಬಳ್ಳಿಯ ಸಾರ, ಹೀಲಾ ಕೋಶ
(ಮಂಡ್ಯದಲ್ಲಿ ಮಹಿಳೆಯರಿಗಾಗಿ ನೀಡಿದ ಉಪನ್ಯಾಸ)

ಅಮ್ಮಂದಿರಿಗೆ, ಅಕ್ಕತಂಗಿಯರಿಗೆ ನಮಸ್ಕಾರ. ಗಿಡಮೂಲಿಕೆಗಳ ಸಾರವನ್ನು ಕ್ಯಾನ್ಸರ್ ಕೋಶಗಳ ಮೇಲೆ ಹಾಕಿ ನೋಡುವುದು ಮೈಸೂರಿನಲ್ಲಿ ನನ್ನ ದಿನನಿತ್ಯದ ಕೆಲಸ. ‘ಅಮೃತಬಳ್ಳಿ ಕುಡಿದರೆ ಗರ್ಭಕೊರಳಿನ ಕ್ಯಾನ್ಸರ್ ವಾಸಿಯಾಗುತ್ತಂತೆ, ಹೌದಾ?’ ಅಂತ ಈ ಕಡೆ ಬಂದಾಗಲೆಲ್ಲ ಕೇಳುತ್ತೀರಿ. ಇಲ್ಲ ಎಂದಷ್ಟೇ ಹೇಳಿ ಹೋದರೆ ನಿಮಗೆ ಸಮಾಧಾನವಾಗದು. ಲ್ಯಾಬಿನಲ್ಲಿ ಏನು ಮಾಡುತ್ತೇವೆ ಅನ್ನುವುದನ್ನೇ ಹೇಳಿಬಿಡುತ್ತೇನೆ.

ಕಾಂಡವನ್ನು ನೆರಳಲ್ಲಿ ಒಣಗಿಸಿ, ಪುಡಿ ಮಾಡಿ, ಮೆಥನಾಲ್ ಎಂಬ ಆಲ್ಕೋಹಾಲಿನಲ್ಲಿ ನೆನೆಹಾಕುತ್ತೇವೆ. ಸೋಸಿ ಮೆಥನಾಲನ್ನು ಆವಿ ಮಾಡಿದರೆ ತಳದಲ್ಲಿ ಅಂಟಂಟಾದ ಸಾರ ಉಳಿಯುತ್ತದೆ. ನೀವು ಮನೆಯಲ್ಲಿ ಕುದಿಸುವ ಕಷಾಯವೇ ಬೇರೆ, ಇದೇ ಬೇರೆ.

ಇನ್ನು ಕೋಶಗಳು. 1951ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಕಪ್ಪು ಹೆಣ್ಣುಮಗಳ ಗರ್ಭಕೊರಳಿನ ಕ್ಯಾನ್ಸರ್ ಗಡ್ಡೆಯಿಂದ, ಅವರ ಒಪ್ಪಿಗೆ ಕೇಳದೆ ತೆಗೆದವು. ಆಕೆ ಅದೇ ವರ್ಷ 31ನೇ ವಯಸ್ಸಿಗೆ ತೀರಿಕೊಂಡರು. ಕೋಶಗಳು ಇಂದಿಗೂ ಬೆಳೆಯುತ್ತಿವೆ. ಆಕೆಯ ಹೆಸರಿನ ಮೊದಲಕ್ಷರಗಳನ್ನು ಸೇರಿಸಿ ಅವಕ್ಕೇ ಹೀಲಾ ಎನ್ನುವುದು. ಆ ಹೆಸರು ಬರೆಯುವಾಗಲೆಲ್ಲ ಆ ತಾಯಿಗೆ ನಾವು ಋಣಿಗಳು ಅನ್ನಿಸುತ್ತದೆ.

ಅಂಗೈಯಗಲದ ಪ್ಲೇಟಿನಲ್ಲಿ 96 ಗುಳಿಗಳಿರುತ್ತವೆ. ಗುಳಿಗಳಲ್ಲಿ ಕೋಶ ಬಿಟ್ಟು, 37 ಡಿಗ್ರಿಯಲ್ಲಿಟ್ಟು, ಮಾರನೆಯ ದಿನ ಬೇರೆ ಬೇರೆ ಪ್ರಮಾಣದಲ್ಲಿ ಸಾರ ಹಾಕುತ್ತೇವೆ. ಒಂದೆರಡು ದಿನದ ಮೇಲೆ ಎಂಟಿಟಿ ಎಂಬ ಹಳದಿ ದ್ರಾವಣ. ಬದುಕಿರುವ ಕೋಶ ಅದನ್ನು ನೇರಳೆ ಹರಳು ಮಾಡುತ್ತದೆ. ಸತ್ತಿದ್ದರೆ ಹಳದಿ ಹಳದಿಯಾಗಿಯೇ ಉಳಿಯುತ್ತದೆ. ನೇರಳೆ ಎಷ್ಟು ಗಾಢ ಎಂದು ಯಂತ್ರ ಅಳೆಯುತ್ತದೆ.

ಇಲ್ಲೇ ಹುಷಾರಾಗಿರಬೇಕು. ಕೆಲವು ಸಾರಗಳು ಕೋಶವೇ ಇಲ್ಲದಿದ್ದರೂ ತಾವಾಗಿಯೇ ಎಂಟಿಟಿಯನ್ನು ನೇರಳೆಗೆ ತಿರುಗಿಸುತ್ತವೆ. ಹಾಗಾಗಿ ಬರೀ ಸಾರದ ಗುಳಿಯೂ ಬೇಕು, ಸಾರ ಕರಗಿಸಿದ ದ್ರಾವಕದ ಗುಳಿಯೂ ಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಆರೋಗ್ಯವಂತ ಕೋಶಗಳ ಮೇಲೂ ಅದೇ ಸಾರ ಹಾಕಿ ನೋಡಬೇಕು. ಎರಡೂ ಸತ್ತರೆ ಅದು ವಿಷ, ಅಷ್ಟೇ. ಪ್ಲೇಟಿಗೆ ಫಿನಾಯಿಲ್ ಹಾಕಿದರೂ ಕ್ಯಾನ್ಸರ್ ಕೋಶ ಸಾಯುತ್ತದೆ, ತಾಯಂದಿರೇ! ಪೇಪರಿನ ಸುದ್ದಿಯಲ್ಲಿ ಈ ಹೋಲಿಕೆಯ ಮಾತು ಬರುವುದೇ ಅಪರೂಪ. ಪ್ಲೇಟಿನಲ್ಲಿ ಗೆದ್ದ ಸಾರವೂ ಹೊಟ್ಟೆ, ಕರುಳು, ಪಿತ್ತಜನಕಾಂಗ ದಾಟಿ, ರಕ್ತದಲ್ಲಿ ಸಾಕಷ್ಟು ಉಳಿದು ಗಡ್ಡೆಯನ್ನು ಮುಟ್ಟಬೇಕು. ಬಹುಪಾಲು ಸಾರಗಳು ಅಲ್ಲಿಯೇ ಸೋಲುತ್ತವೆ.

ಗಿಡಗಳನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ನಮ್ಮ ಅಂಗಳದ ನಿತ್ಯಪುಷ್ಪದಿಂದಲೇ ವಿನ್‌ಬ್ಲಾಸ್ಟಿನ್, ವಿನ್‌ಕ್ರಿಸ್ಟಿನ್ ಎಂಬ ಕ್ಯಾನ್ಸರ್ ಔಷಧಿಗಳು ಬಂದವು. ಮಕ್ಕಳ ರಕ್ತದ ಕ್ಯಾನ್ಸರಿಗೆ ವಿನ್‌ಕ್ರಿಸ್ಟಿನ್ ಇಂದಿಗೂ ಬೇಕು. ಆದರೆ ಒಂದೊಂದೇ ಅಂಶ ಬೇರ್ಪಡಿಸಿ, ಅಳೆದು, ರಕ್ತನಾಳಕ್ಕೆ ಕೊಡುವ ಔಷಧಿ ಅದು. ಅದೇ ಎಲೆ ಅರೆದು ಕುಡಿದರೆ ಪ್ರಾಣಕ್ಕೇ ಅಪಾಯ.

ಇನ್ನು ಗರ್ಭಕೊರಳಿನ ಕ್ಯಾನ್ಸರ್. ಅದು ಬರುವುದು ಹೆಚ್ಚೂಕಡಿಮೆ ಯಾವಾಗಲೂ ಎಚ್‌ಪಿವಿ ವೈರಸ್ಸಿನಿಂದ. ಅದನ್ನು ತೋರಿಸಿಕೊಟ್ಟ ಹರಾಲ್ಡ್ ಸುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ಸೋಂಕು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತು ವರ್ಷಕ್ಕೂ ಹೆಚ್ಚು ಹಿಡಿಯುತ್ತದೆ. ಅಷ್ಟು ಕಾಲಾವಕಾಶ ಇದ್ದೂ ನಮ್ಮ ಹೆಣ್ಣುಮಕ್ಕಳು ಸಾಯುತ್ತಿರುವುದು ನನಗೆ ಸಹಿಸಲಾಗದ ಸಂಗತಿ. ಮೂವತ್ತು ದಾಟಿದವರು ಸರ್ಕಾರಿ ಆಸ್ಪತ್ರೆಯಲ್ಲಿ ವಿಐಎ ಪರೀಕ್ಷೆ ಕೇಳಿ ಮಾಡಿಸಿಕೊಳ್ಳಿ. ವಿನೆಗರ್‌ನಲ್ಲಿರುವ ಅಸಿಟಿಕ್ ಆಮ್ಲವನ್ನೇ ತೆಳುವಾಗಿ ಗರ್ಭಕೊರಳಿಗೆ ಹಚ್ಚಿ, ಒಂದು ನಿಮಿಷ ಬಿಟ್ಟು ನೋಡುತ್ತಾರೆ. ಬೆಳ್ಳಗಿನ ಮಚ್ಚೆ ಕಂಡಾಕ್ಷಣ ಕ್ಯಾನ್ಸರ್ ಎಂದಲ್ಲ. ಮುಂದಿನ ಪರೀಕ್ಷೆ ಬೇಕು ಎಂದು. ಕ್ಯಾನ್ಸರಿಗೆ ಮುಂಚಿನ ಹಂತವಾದರೆ ಆ ಭಾಗವನ್ನಷ್ಟೇ ಸುಟ್ಟೋ ಹೆಪ್ಪುಗಟ್ಟಿಸಿಯೋ ತೆಗೆಯಬಹುದು. ಒಂಬತ್ತರಿಂದ ಹದಿನಾಲ್ಕರ ಹೆಣ್ಣುಮಕ್ಕಳಿಗೆ ಈ ವೈರಸ್ ತಡೆಯುವ ಲಸಿಕೆಯಿದೆ. ಈಗ ನೀವು ಕೇಳಿ. ಲಸಿಕೆಯ ಬಗ್ಗೆ ಇರುವ ಭಯದಿಂದಲೇ ಶುರು ಮಾಡೋಣ.