ಬಿಟ್ಟ ತೆರಿಗೆಯ ಲೆಕ್ಕ ಕೇಳುವವರು ಯಾರು?

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತವರಲ್ಲಿ ಹೆಚ್ಚಿನವರು ವಾಣಿಜ್ಯದ ವಿದ್ಯಾರ್ಥಿಗಳು, ಹಾಗಾಗಿ ಲೆಕ್ಕದಿಂದಲೇ ಶುರು ಮಾಡುತ್ತೇನೆ.

ಅಮೆರಿಕದ ಒಂದು ವಿಮಾ ಕಂಪನಿ 100 ಡಾಲರನ್ನು ಒಂದು ಹೂಡಿಕೆ ಕಂಪನಿಗೆ ಕೊಡುತ್ತದೆ. ಅದಕ್ಕೆ ಪ್ರತಿಯಾಗಿ ರಾಜ್ಯ ಸರ್ಕಾರ ಆ ವಿಮಾ ಕಂಪನಿಗೆ ವರ್ಷಕ್ಕೆ 10 ಡಾಲರಿನಂತೆ 10 ವರ್ಷ ತೆರಿಗೆ ಬಿಡುತ್ತದೆ. ಗಮನಿಸಿ, ಇದು ನಮ್ಮ 1961ರ ಆದಾಯ ತೆರಿಗೆ ಕಾಯ್ದೆಯ 80ಸಿ ಥರ ಆದಾಯದಲ್ಲಿ ಕಳೆಯುವುದಲ್ಲ, ಕಟ್ಟಬೇಕಾದ ತೆರಿಗೆಯಲ್ಲೇ ಕಳೆಯುವುದು. ಇದೇ ಟ್ಯಾಕ್ಸ್ ಕ್ರೆಡಿಟ್. ವಿಮಾ ಕಂಪನಿ ಕೊಟ್ಟದ್ದು 100, ಸರ್ಕಾರ ಬಿಟ್ಟದ್ದೂ 100. ಹಾಗಾದರೆ ಹೂಡಿದ ದುಡ್ಡು ಯಾರದು? ಬೊಕ್ಕಸದ್ದು, ಅಂದರೆ ಜನರದ್ದು. ಇಂದಿನ ನನ್ನ ಮಾತೆಲ್ಲ ಈ ಒಂದು ಉತ್ತರದ ಮೇಲೆ ನಿಂತಿದೆ.

ಈ ಹೂಡಿಕೆ ಕಂಪನಿಗಳ ಹೆಸರು ಸರ್ಟಿಫೈಡ್ ಕ್ಯಾಪಿಟಲ್ ಕಂಪನಿ, ಬಳಕೆಯ ಮಾತಿನಲ್ಲಿ ಕ್ಯಾಪ್ಕೊ. ನಮ್ಮ ಅಡಿಕೆ ಬೆಳೆಗಾರರ ಕ್ಯಾಂಪ್ಕೊ ಬೇರೆ, ಗೊಂದಲ ಬೇಡ. 1983ರಲ್ಲಿ ಲೂಸಿಯಾನಾ ಮೊದಲ ಕಾಯ್ದೆ ತಂದಿತು. ತೊಂಬತ್ತರ ದಶಕದ ಕೊನೆಗೆ ಮಿಸೌರಿ, ನ್ಯೂಯಾರ್ಕ್, ಫ್ಲೋರಿಡಾ, ವಿಸ್ಕಾನ್ಸಿನ್, 2001ರಲ್ಲಿ ಕೊಲರಾಡೊ ಮತ್ತು ಟೆಕ್ಸಸ್ ಅದೇ ದಾರಿ ಹಿಡಿದವು. ವಿಮಾ ಕಂಪನಿಗಳೇ ಯಾಕೆ ಅಂದರೆ, ನಮ್ಮಲ್ಲಿ ವಿಮೆಗೆ ದೇಶಕ್ಕೆಲ್ಲ ಒಂದೇ ನಿಯಂತ್ರಣ ಪ್ರಾಧಿಕಾರ, ಐಆರ್‌ಡಿಎಐ ಇದೆ. ಅಲ್ಲಿ 1945ರ ಮೆಕ್ಯಾರನ್-ಫರ್ಗುಸನ್ ಕಾಯ್ದೆಯ ಪ್ರಕಾರ ವಿಮೆಯ ಉಸ್ತುವಾರಿ ಮುಖ್ಯವಾಗಿ ರಾಜ್ಯಗಳದ್ದು. ಪ್ರೀಮಿಯಂ ಮೇಲಿನ ತೆರಿಗೆ ರಾಜ್ಯಕ್ಕೆ ಬರುತ್ತದೆ, ಬಿಡುವ ಅಧಿಕಾರವೂ ರಾಜ್ಯದ್ದೇ.

ಉದ್ದೇಶವನ್ನು ನಾನು ಹಳಿಯುವುದಿಲ್ಲ. ಕ್ಯಾಲಿಫೋರ್ನಿಯಾ, ಬಾಸ್ಟನ್ ಬಿಟ್ಟರೆ ಹೊಸ ಉದ್ದಿಮೆಗೆ ಬಂಡವಾಳ ಹುಟ್ಟುವುದು ಕಷ್ಟವಿತ್ತು. ಸಣ್ಣ ಪಟ್ಟಣದ ಹುಡುಗನೊಬ್ಬ ಯಂತ್ರವೊಂದನ್ನು ಕಟ್ಟಿದರೆ ಅವನಿಗೂ ಹಣ ಸಿಗಲಿ ಎಂಬುದು ನ್ಯಾಯವಾದ ಆಸೆ.

ಆದರೆ ಆ 100 ಡಾಲರ್ ಅವನ ತನಕ ಹೋಗುತ್ತದೆಯೇ? ಹತ್ತು ವರ್ಷಕ್ಕೆ ಹರಿದು ಬರುವ ನೂರು ಇವತ್ತಿನ ನೂರಕ್ಕೆ ಸಮವಲ್ಲ. ವಿಮಾ ಕಂಪನಿಗೆ ಬಡ್ಡಿ ಬೇಕು, ಭದ್ರತೆ ಬೇಕು. ಆದ್ದರಿಂದ ಕ್ಯಾಪ್ಕೊ ದೊಡ್ಡ ಪಾಲನ್ನು ಮೊದಲೇ ಸುರಕ್ಷಿತ ಬಾಂಡುಗಳಲ್ಲಿ ಇಟ್ಟುಬಿಡುತ್ತದೆ. ಅದರ ಮೇಲೆ ನಿರ್ವಹಣಾ ಶುಲ್ಕ: ಹಲವು ಕಾಯ್ದೆಗಳು ವರ್ಷಕ್ಕೆ ಶೇ. 2.5ರವರೆಗೆ ಅನುಮತಿಸಿದವು. ಹತ್ತು ವರ್ಷಕ್ಕೆ ಗುಣಿಸಿ ನೋಡಿ. ಬೀಜಕ್ಕೆಂದು ಅಳೆದು ಕೊಟ್ಟ ಭತ್ತದಲ್ಲಿ ಹೊಲ ಕಂಡದ್ದೆಷ್ಟು?

ಇನ್ನು ನಿಯಂತ್ರಣ. ಟೆಕ್ಸಸ್‌ನಲ್ಲಿ ಅದು ಕಂಪ್ಟ್ರೋಲರ್, ಅಂದರೆ ರಾಜ್ಯದ ಹಣಕಾಸಿನ ಮುಖ್ಯ ಅಧಿಕಾರಿಯ ಕೈಯಲ್ಲಿತ್ತು, ನ್ಯೂಯಾರ್ಕ್‌ನಲ್ಲಿ ಆಗಿನ ವಿಮಾ ಇಲಾಖೆಯ ಕೈಯಲ್ಲಿತ್ತು. ಪ್ರಮಾಣಪತ್ರ ಬೇಕಾದರೆ ಸಾಮಾನ್ಯವಾಗಿ 5 ಲಕ್ಷ ಡಾಲರ್ ಸ್ವಂತ ಬಂಡವಾಳ, ಅನುಭವಿ ವ್ಯವಸ್ಥಾಪಕರು, ಪ್ರತಿವರ್ಷ ಆಡಿಟ್ ಆದ ಲೆಕ್ಕಪತ್ರ. ಮೂರು ವರ್ಷದೊಳಗೆ ಶೇ. 30, ಐದು ವರ್ಷದೊಳಗೆ ಶೇ. 50ರಷ್ಟನ್ನು ಅರ್ಹ ಉದ್ದಿಮೆಗಳಲ್ಲಿ ಹಾಕಿರಬೇಕು. ಶೇ. 100 ಮುಟ್ಟಿದರೆ ಬಹುಮಟ್ಟಿಗೆ ಬಂಧಮುಕ್ತ.

ಓದಲಿಕ್ಕೆ ಬಿಗಿಯಾಗಿದೆ. ಆದರೆ 'ಹಾಕುವುದು' ಎಂದರೆ ಷೇರು ಮಾತ್ರವಲ್ಲ, ಸಾಲವೂ ಆಗಬಹುದು. ಕೊಟ್ಟ ಸಾಲ ವಾಪಸು ಬಂದ ಮೇಲೆ ಅದೇ ದುಡ್ಡನ್ನು ಇನ್ನೊಬ್ಬರಿಗೆ ಕೊಟ್ಟರೆ, ಒಟ್ಟು ಲೆಕ್ಕಕ್ಕೆ ಅದೂ ಸೇರುತ್ತದೆ. ಹೀಗೆ ಬಾಂಡಿನಲ್ಲಿ ಕೂತ ಹಣ ಅಲುಗದೆಯೇ ಉಳಿದದ್ದನ್ನು ತಿರುಗಿಸಿ ತಿರುಗಿಸಿ ನೂರು ತುಂಬಿಸಬಹುದು. ಪರಿಶೀಲಿಸುವ ಅಧಿಕಾರಿ ಪ್ರಾಮಾಣಿಕನೇ ಇರಲಿ, ಕಾಯ್ದೆ ಅವನ ಕೈಗೆ ಕೊಟ್ಟದ್ದು ಗಡಿಯಾರ ಮತ್ತು ಅಡಿಪಟ್ಟಿ ಮಾತ್ರ. ಎಷ್ಟು ಬೇಗ, ಎಷ್ಟು ಶೇಕಡಾ ಎಂದು ಕೇಳಬಲ್ಲ. ಊರಿಗೆ ಏನು ದಕ್ಕಿತು ಎಂದು ಕೇಳಿ ಶಿಕ್ಷಿಸಲಾರ.

ಶಿಕ್ಷೆಯ ವಿಷಯ ನನ್ನನ್ನು ಹೆಚ್ಚು ಕಾಡಿದ್ದು. ಗಡುವು ತಪ್ಪಿದರೆ ಪ್ರಮಾಣಪತ್ರ ರದ್ದಾಗುತ್ತದೆ, ಬಿಟ್ಟ ತೆರಿಗೆಯನ್ನು ಸರ್ಕಾರ ಮರಳಿ ಕೇಳಬಹುದು. ಯಾರಿಂದ? ವಿಮಾ ಕಂಪನಿಯಿಂದ! ತಪ್ಪು ಮಾಡಿದವರು ಒಬ್ಬರು, ದಂಡ ತೆರುವವರು ಇನ್ನೊಬ್ಬರು. ಈ ಅಪಾಯಕ್ಕೇ ಬೇರೆ ವಿಮೆ ಕೊಂಡ ಕ್ಯಾಪ್ಕೊಗಳೂ ಇದ್ದವು. ಆ ಖರ್ಚು ಕೂಡ ಅದೇ ನೂರರಿಂದ ಹೋಗುವಂಥದ್ದು. ಇಂಥ ದಂಡ ಯಾರನ್ನು ತಾನೇ ದಾರಿಗೆ ತಂದೀತು?

ತಿದ್ದಿಕೊಂಡವರೂ ಇದ್ದಾರೆ. ಕೊಲರಾಡೊ 2004ರಲ್ಲಿ ವೆಂಚರ್ ಕ್ಯಾಪಿಟಲ್ ಅಥಾರಿಟಿ ಎಂಬ, ಹೊಸ ಉದ್ದಿಮೆಗೆ ಬಂಡವಾಳ ಒದಗಿಸುವ ಸಾರ್ವಜನಿಕ ಸಂಸ್ಥೆ ಕಟ್ಟಿ, ಕ್ಯಾಪ್ಕೊಗೆಂದಿದ್ದ ಕ್ರೆಡಿಟ್‌ನಲ್ಲಿ 5 ಕೋಟಿ ಡಾಲರನ್ನು ಅದರ ಕಡೆಗೆ ತಿರುಗಿಸಿತು. ಮೇರಿಲ್ಯಾಂಡ್ ಇನ್ನೂ ಮುಂದೆ ಹೋಯಿತು. ಕ್ರೆಡಿಟ್ಟನ್ನು ಮಧ್ಯವರ್ತಿಗೆ ಒಪ್ಪಿಸದೆ ತಾನೇ ವಿಮಾ ಕಂಪನಿಗಳ ಮುಂದೆ ಹರಾಜಿಗಿಟ್ಟಿತು, 2012ರಲ್ಲಿ 8.4 ಕೋಟಿ ಡಾಲರ್ ಕೂಡಿಸಿತು. ಅಲ್ಲಿ ಖಾಸಗಿ ಫಂಡುಗಳು ಹಣ ಪಡೆಯಬಹುದಿತ್ತು, ಆದರೆ ಅಸಲನ್ನೂ ಲಾಭದ ಪಾಲನ್ನೂ ರಾಜ್ಯಕ್ಕೆ ಮರಳಿಸಬೇಕಿತ್ತು.